ರೊಟ್ಟಿ ಬಡಿಯದ ಒಂದು ದಿನ

ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಹಾನಗಲ್ಲಿನ ನಮ್ಮ ಓಣಿಯಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲವೆಂದು ನಂಬಿದ್ದೆ. ನಾನು ಒಮ್ಮೆ ಕೂಗಿದರೆ ನನ್ನ ಮೂರು ಮಕ್ಕಳ ಜೊತೆಗೆ ಎದುರು ಮನೆಯ ಎಮ್ಮೆಯೂ ಬಂದು ನಿಲ್ಲುತ್ತಿತ್ತು. ಇದಕ್ಕಿಂತ ಹೆಚ್ಚಿನ ಶಿಸ್ತು ಯಾರಿಗೆ ಬೇಕು?

ಆಗ ಸಿಂಧೂಬಾಯಿ ಬಂದಳು.

ಮಹಾಯುದ್ಧ ನಡೆದಿದ್ದ ಕಾಲ. ಅವಳ ಗಂಡ ಕಾರಕೂನ. ಬೆಳಗಾವಿಯ ಕಡೆಯಿಂದ ವರ್ಗವಾಗಿ, ನಮ್ಮ ಗೋಡೆಗೆ ಹತ್ತಿದ ಮನೆಯಲ್ಲೇ ಬಿಡಾರ ಹೂಡಿದ. ಸಿಂಧೂಬಾಯಿ ಮಕ್ಕಳಿಗೆ ಬೈಯುತ್ತಲೇ ಇರಲಿಲ್ಲ. ಮಗನನ್ನು "ಬಾರೋ ರಾಜಾ" ಎಂದು ಕರೆಯುತ್ತಿದ್ದಳು. ಆ ರಾಜನ ಮೂಗು ಸದಾ ಸೋರುತ್ತಿತ್ತು, ಅದು ಬೇರೆ ಮಾತು. ಅವಳ ಅಡುಗೆಮನೆಯಿಂದ ಸಪ್ಪಳವೇ ಬರುತ್ತಿರಲಿಲ್ಲ. ಚಪಾತಿ ಲಟ್ಟಿಸುವವರಿಗೆ ಸಪ್ಪಳ ಎಲ್ಲಿಂದ ಬರಬೇಕು? ನಾನೋ ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿಯುವವಳು. ನನ್ನ ಬಡಿತಕ್ಕೆ ಅರ್ಧ ಓಣಿ ಏಳುತ್ತಿತ್ತು.

ನನಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಇದ್ದರೂ ತೋರಿಸಿಕೊಂಡಿರಲಿಲ್ಲ. ಆದರೆ ಒಂದು ದಿನ ನನ್ನ ಏಳು ವರ್ಷದ ಮಗಳು ನೀಲಾ ಅವಳ ಹತ್ತಿರ ಜಡೆ ಹಾಕಿಸಿಕೊಂಡು ಬಂದಳು. ನಾನು ಜಡೆ ಹಾಕಿದರೆ ಹುಬ್ಬು ಹಣೆಗೆ ಏರುತ್ತಿತ್ತು. ಈ ಜಡೆ ಮೆತ್ತಗೆ, ಅಂದವಾಗಿ ಇಳಿಬಿದ್ದಿತ್ತು. ನೀಲಾ ಕನ್ನಡಿ ನೋಡಿಕೊಳ್ಳುತ್ತ ತಣ್ಣಗೆ ಹೇಳಿದಳು:

"ಅವ್ವಾ, ನಾ ಸಿಂಧೂಬಾಯಿ ಮಗಳಾಗಿದ್ರ ಛಲೋ ಇತ್ತು."

ಒಂಬತ್ತು ತಿಂಗಳು ಹೊತ್ತವಳು ನಾನು, ಜಡೆ ಹಾಕಿದವಳಿಗೆ ಮಗಳು! ಅಂದೇ ಸಂಕಲ್ಪ ಮಾಡಿದೆ. ನಾಳೆಯಿಂದ ಈ ಮನೆಯಲ್ಲಿ ಯಾರೂ ಧ್ವನಿ ಏರಿಸತಕ್ಕದ್ದಲ್ಲ. ರೊಟ್ಟಿ ಬಡಿಯತಕ್ಕದ್ದಲ್ಲ. ಮಕ್ಕಳನ್ನು ರಾಜಾ, ರಾಣಿ ಎಂದೇ ಸಂಬೋಧಿಸತಕ್ಕದ್ದು.

ಮರುದಿನ, ಹಬ್ಬಕ್ಕೆಂದು ಮುಚ್ಚಿಟ್ಟ ಗೋಧಿಹಿಟ್ಟನ್ನು ಹೊರಗೆ ತೆಗೆದೆ. ಒಂದು ಚಪಾತಿ ಶಿಗ್ಗಾಂವಿಯ ಕಡೆ ಎಳೆದರೆ ಇನ್ನೊಂದು ಸವಣೂರಿನ ಕಡೆ ಎಳೆಯಿತು. ಯಜಮಾನರು ತಾಟು ನೋಡಿ ಇವತ್ತು ಯಾವ ಹಬ್ಬವೆಂದು ಕೇಳಿದರು. ಹಬ್ಬವಿಲ್ಲ, ತಿನ್ನಿರಿ ಎಂದು ಮೆಲ್ಲಗೆ ಹೇಳಿದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಎಂದಿಗಿಂತ ಬೇಗ ಅಂಗಡಿಗೆ ಹೋಗಿಬಿಟ್ಟರು.

ಮಕ್ಕಳು ಏಳಲಿಲ್ಲ. ಹಾಸಿಗೆಯ ಹತ್ತಿರ ನಿಂತು ಏಳು ರಾಜಾ, ಏಳು ರಾಣಿ ಎಂದು ಪಿಸುಗುಟ್ಟಿದರೆ ಯಾವ ರಾಜ ಎದ್ದಾನು? ಅವರ ಸಾಲಿ ತಪ್ಪಿತು. ದಿನಾ ನನ್ನ ಬಡಿತಕ್ಕೇ ಏಳುತ್ತಿದ್ದ ನಮ್ಮ ಅತ್ತೆಯೂ ಏಳಲಿಲ್ಲ. ಅವರಿಗೆ ವಾರದಿಂದ ಕೆಮ್ಮು ಹಿಡಿದಿತ್ತು. ಅಂದು ಪಡಸಾಲೆಯಲ್ಲಿ ಮುಖದ ತುಂಬ ಕಂಬಳಿ ಹೊದ್ದು ಸುಖವಾಗಿ ಮಲಗಿದ್ದರು.

ನಮ್ಮ ಕಡೆ ಸಾವಾದ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ. ಓಣಿಯವರೇ ತಂದುಕೊಡುತ್ತಾರೆ. ಈ ಪದ್ಧತಿ ನನಗೆ ಚೆನ್ನಾಗಿ ಗೊತ್ತಿತ್ತು. ಅಂದು ಮಾತ್ರ ನೆನಪಾಗಲಿಲ್ಲ.

ಎದುರು ಮನೆಯ ಬಸಮ್ಮ ಬಾಗಿಲಲ್ಲಿ ಇಣುಕಿದಳು. ರೊಟ್ಟಿಯ ಸಪ್ಪಳವೇ ಕೇಳಲಿಲ್ಲ, ಅತ್ತೆ ಹೇಗಿದ್ದಾರೆ ಎಂದು ವಿಚಾರಿಸಿದಳು. ಸುಟ್ಟ ಚಪಾತಿಯ ಹೊಗೆ ನನ್ನ ಕಣ್ಣಿಗೆ ಹೊಡೆದಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ನನ್ನ ಹೊಸ ಮೆಲುದನಿಯಲ್ಲಿ ಹೇಳಿದೆ:

"ಮಲಗ್ಯಾರ. ಎಬ್ಬಸಬ್ಯಾಡ್ರಿ."

ಬಸಮ್ಮ ಕಂಬಳಿಯ ಕಡೆ ಒಮ್ಮೆ ನೋಡಿ, ಕೈಮುಗಿದು ಹೋದಳು. ಎಷ್ಟು ಸಭ್ಯಳು ಎಂದುಕೊಂಡೆ.

ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕಿ ಒಳಗೆ ಬರುವಷ್ಟರಲ್ಲಿ ಪಡಸಾಲೆಯ ಬಾಗಿಲಲ್ಲಿ ಹತ್ತು ಹೆಂಗಸರು ಕುಳಿತು ಅಳುತ್ತಿದ್ದರು. ಪಕ್ಕದಲ್ಲಿ ರೊಟ್ಟಿಯ ಗಂಟುಗಳು. ಏನಾಯಿತೆಂದು ನಾನು ಮೆಲ್ಲಗೆ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಅತ್ತೆಗೆ ಎಚ್ಚರವಾಯಿತು. ಎದ್ದು ಕುಳಿತು, ಇಷ್ಟು ಜನ ಅಳುವುದನ್ನು ಕಂಡು ತಾವೂ ಅಳಲು ಸುರುಮಾಡಿದರು.

"ಯಾರ ಹೋದ್ರವ್ವಾ?" ಎಂದರು.

ಅಳು ತಟ್ಟನೆ ನಿಂತಿತು. ಬಸಮ್ಮ ಹಿಂದೆ ಸರಿಯುತ್ತ ಹೇಳಿದಳು:

"ನೀವರೀ."

ಆಮೇಲೆ ಅತ್ತೆ ನನಗೆ ಹೇಳಿದ್ದನ್ನೆಲ್ಲ ಬರೆಯಲಾಗದು. ನಾನು ಸಾಯುವತನಕ ತಡೆಯಲಾಗಲಿಲ್ಲವೇ ನಿನಗೆ ಎಂದದ್ದು ಅದರಲ್ಲಿ ಅತಿ ಮೃದುವಾದ ಮಾತು. ಸುದ್ದಿ ಅಷ್ಟರಲ್ಲಿ ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸು ಹತ್ತಿ ಹಿರೇಕೆರೂರಿಗೆ ಹೊರಟಿತ್ತು. ಮರುದಿನ ಅಲ್ಲಿಗೆ ಹತ್ತಿರದ ಅಬಲೂರಿನಿಂದ ಅತ್ತೆಯ ತಮ್ಮ ಅಳುತ್ತ ಬಂದರು. ಬಾಗಿಲು ತೆಗೆದವರು ಅತ್ತೆಯೇ. ಬಂದವರು ಕಟ್ಟೆಯ ಮೇಲೆ ಕುಸಿದರು, ನೀರು ಚಿಮುಕಿಸಿ ಎಬ್ಬಿಸಬೇಕಾಯಿತು.

ಅದಕ್ಕೂ ಮೊದಲು, ರೊಟ್ಟಿ ಬಡಿಯದ ಆ ದಿನ ಮಧ್ಯಾಹ್ನವೇ, ಸಿಂಧೂಬಾಯಿ ಬಂದಳು. ಅವಳ ಕೂದಲು ಕೆದರಿತ್ತು. ಹಿಂದೆ ರಾಜ ಬಿಕ್ಕುತ್ತಿದ್ದ.

"ಗಂಗಕ್ಕಾ, ನಾಳಿಂದ ರೊಟ್ಟಿ ಬಡೀತೀರಲ್ರಿ? ದಿನಾ ನಿಮ್ಮ ಸಪ್ಪಳ ಕೇಳಿದ ಕೂಡ್ಲೆ ನಾ ಇವಂಗ ಅಂತೇನಿ, ಗಂಗಕ್ಕ ಎದ್ದಾರ, ಈಗ ಇಲ್ಲಿಗೇ ಬರ್ತಾರ ಅಂತ. ಅಂಜಿ ಎದ್ದು ಜಳಕಕ್ಕ ಓಡ್ತಾನ. ಇವತ್ತ ಸಪ್ಪಳ ಇಲ್ಲ, ಇಂವಾ ಏಳಲಿಲ್ಲ. ಕಡೀಕ ನಾನ ಎರಡು ಬಿಗದೆ."

ಅಂದರೆ ಇಷ್ಟು ದಿನ ಅವಳ ಆ ಮೆಲುದನಿಯೆಲ್ಲ ನನ್ನ ಗದ್ದಲದ ಮೇಲೆ ನಡೆದಿತ್ತು! ನಾನು ಅವಳ ಮನೆಯ ಗುಮ್ಮ! ನನಗೆ ಅವಮಾನವೂ ಆಯಿತು, ಹಿಗ್ಗೂ ಆಯಿತು. ಹಿಗ್ಗೇ ಹೆಚ್ಚು. ನನಗೆ ಇರುವುದು ಒಂದೇ ಗಂಟಲು, ಅದನ್ನು ಅಡಗಿಸಿಟ್ಟು ತಾಯಿಯಾಗಿರಲು ನನಗೆ ಬರುವುದಿಲ್ಲ ಎಂದು ಮನಸ್ಸಿಗೆ ಖಾತ್ರಿಯಾಯಿತು.

ಸಿಂಧೂಬಾಯಿಯ ಎದುರಿಗೇ ನನ್ನ ಹಳೆಯ ಧ್ವನಿಯಲ್ಲಿ ನೀಲಾಳನ್ನು ಕೂಗಿದೆ. ನೀಲಾ ಓಡಿ ಬಂದಳು. ಎಮ್ಮೆಯೂ ಬಂತು.

"ಈಗ ಹೇಳು, ಯಾರ ಮಗಳಾಗ್ತಿ?" ಎಂದೆ.

ನೀಲಾ ನನ್ನ ಚಪಾತಿಯನ್ನು ಎದ್ದಾಗಿನಿಂದ ಅಗಿಯುತ್ತಲೇ ಇದ್ದಳು. ನನ್ನ ಮುಖ ನೋಡಿದಳು, ಸಿಂಧೂಬಾಯಿಯ ಮುಖ ನೋಡಿದಳು, ಬಾಯೊಳಗಿನ ತುತ್ತು ನುಂಗಿದಳು.

"ರೊಟ್ಟಿಗೆ ನಿನ್ನ ಮಗಳು. ಜಡಿಗೆ ಅವರ ಮಗಳು."

ಮರುದಿನ ನಸುಕಿನಲ್ಲಿ ರೊಟ್ಟಿ ಬಡಿದೆ. ಎಂದಿಗಿಂತ ಜೋರಾಗಿ, ಅದೂ ಸಿಂಧೂಬಾಯಿಯ ಗೋಡೆಗೆ ಹತ್ತಿ ಕುಳಿತು. ನೀಲಾ ಎರಡು ಬಿಸಿ ರೊಟ್ಟಿ ತಿಂದಳು, ಬಾಯಿ ಒರೆಸಿಕೊಂಡಳು, ಬಾಚಣಿಗೆ ಹಿಡಿದುಕೊಂಡು ಪಕ್ಕದ ಮನೆಗೆ ನಡೆದಳು. ಹೋಗಲಿ ಎಂದುಕೊಂಡೆ. ಬಾಚಣಿಗೆಯಾದರೂ ನಮ್ಮದೇ ಅಲ್ಲವೇ!