ಹೆಬ್ಬಟ್ಟು ಒತ್ತಂಗಿಲ್ಲ, ಸಣ್ಣ ಗಾಡಿ ಮಾರಂಗಿಲ್ಲ

ಬರ್ರಿ, ಕೂಡ್ರಿ ಇಲ್ಲೆ. ಚಹಾ ಆರಿದ್ರ ಆರ್ಲಿ, ಮತ್ತ ಕಾಸೂಣು. ನಮ್ಮ ಸಣ್ಣ ಕಾರಿನ ಸಲುವಾಗಿ ಮರಾಠಿ ಸೀಮಿಯ ಈ ಧನಕವಡಿಯೊಳಗ ವಾರಕ್ಕೊಂದು ಫಜೀತಿ ಆಗೇ ಆಗ್ತದ. ಫಜೀತಿ ಕಾರಿಂದಲ್ಲ, ಅದನ್ನ ನೋಡಿ ನಕ್ಕವರದು.

ಕಾರು ನನ್ನ ಹೆಸರಿಲೇ ಅದ. ಜೋಳದ ರೊಟ್ಟಿ ಬಡಿದ ಈ ಕೈಯಿಂದನ ಹೆಬ್ಬಟ್ಟು ಒತ್ತಿ ತಗೊಂಡೀನಿ. ಸೊಸಿ ಓಡಸ್ತಾಳ. ನಾನು ಹಿಂದ ರೊಟ್ಟಿ ಬುಟ್ಟಿ ಹಿಡ್ಕೊಂಡು ಕೂಡ್ತೀನಿ. ಖರಾಡಿ ಆಫೀಸಿಗೂ ನಿಗಡಿ ಮನಿಗಳಿಗೂ ಕೊಟ್ಟು ಬರ್ತೀವಿ.

ಮೊಮ್ಮಗಳ ಲಗ್ನ ಕೂಡಿತು ನೋಡ್ರಿ, ಮಗ ಶುರು ಹಚ್ಚಿದ. "ಅವ್ವಾ, ಬೀಗರು ದೊಡ್ಡ ಗಾಡಿಯವರು. 'ಆ ಡಬ್ಬಿಯೊಳಗ ನಮ್ಮ ಮಂದಿ ಮೊಣಕಾಲು ಹಿಡಿಯಂಗಿಲ್ಲ' ಅಂತ ಬೀಗತಿ ನಕ್ಕಾರ. ಇದನ್ನ ಮಾರಿ ದೊಡ್ಡದು ತಗೊಳ್ಳೂಣು. ನಿಶ್ಚಯ ಆದ ಮರುದಿನಾ ಗಿರಾಕಿ ಬರ್ತಾನ. ನೀ ಹೆಬ್ಬಟ್ಟು ಒತ್ತು, ಸಾಕು."

"ಒತ್ತಂಗಿಲ್ಲ."

"ಯಾಕ?"

ಯಾಕಂತ ಅವಂಗ ಹೇಳಿದ್ದನ್ನ ನಿಮಗೂ ಹೇಳ್ತೀನಿ.

೧. ಮೆಂತೆ ಪಲ್ಯೆ

ಕೆಳಗಿನ ಮನಿ ಸಾಹೇಬರದು ಆನಿಯಂಥಾ ಗಾಡಿ, ದೊಡ್ಡ ರಸ್ತೆದಾಗ ನಿಂತಿರ್ತದ. ನಿಂತಲ್ಲೆ ಪೆಟ್ರೋಲ್ ಕುಡೀತದ. ನಮ್ಮದು ಏಕಾದಶಿ ಮಾಡೂ ಮುದುಕಿ ಹಂಗ, ಒಂದು ಬಟ್ಟಲು ಕುಡಿದ್ರ ದಿನಾ ಪೂರ್ತಿ ನಡೀತದ. ಆದ್ರೂ ಸಾಹೇಬರು, "ಆಜಿ, ಇದು ಕಾರೋ, ರೊಟ್ಟಿ ಡಬ್ಬಿಯೋ?" ಅಂತ ದಿನಾ ಕೇಳೂದು ಬಿಡಂಗಿಲ್ಲ.

ಒಂದು ರವಿವಾರ ನಾವು ನಮ್ಮ ಕಾರಿನ್ಯಾಗ, ಅವರು ಅವರ ಗಾಡ್ಯಾಗ, ಕೂಡೇ ಕಾಯಿಪಲ್ಯೆ ಬಜಾರಕ್ಕ ಹೊರಟ್ವಿ. ಸೊಸಿ ರಿಕ್ಷಾಕ್ಕೂ ಕಬ್ಬಿನ ಹಾಲಿನ ಗಾಡಿಗೂ ನಡುವ ಕಾರು ತುರುಕಿ ಇಳಿದಳು. ಸಾಹೇಬರು ಜಾಗಾ ಹುಡುಕ್ಕೋತ ಮೊದಲ ಸುತ್ತು ಬಂದಾಗ ನನಗ ಕೈ ಮಾಡಿದ್ರು. ಎರಡನೇ ಸುತ್ತಿಗೆ ಮಾಡಲಿಲ್ಲ. ಮೂರನೇ ಸುತ್ತಿಗೆ ಅವರ ಹೆಂಡತಿ ಇಳಿದು ನಡದು ಬಂದ್ರು. ಸಾಹೇಬರು ಬಂದು ಮುಟ್ಟೂದ್ರಾಗ ನಾನು ಪಾವಟಿಗಿ ಮ್ಯಾಲೆ ಕೂತು ಎರಡು ಕಟ್ಟು ಮೆಂತೆ ಸೋಸಿ ಮುಗಿಸಿದ್ದೆ.

"ಸಾಹೇಬ್ರ, ನಿಮ್ಮ ಗಾಡಿಗೆ ಒಳಗ ಜಾಗಾ ಭಾಳ ಅದ. ಹೊರಗ ಇಲ್ಲ ನೋಡ್ರಿ" ಅಂದೆ.

೨. ಎತ್ತಿಕೊಂಡು ಹೋದ್ರು

ಖರಾಡಿಯೊಳಗ ಸೊಸಿ ರೊಟ್ಟಿ ಕೊಡಾಕ ಮ್ಯಾಲೆ ಹೋಗಿದ್ದಳು. ಅವಸರದಾಗ ಕಾರು ನಿಂದರಿಸಬಾರದ ಜಾಗಾದಾಗ ನಿಂದರಿಸಿದ್ದಳು, ಅದು ನಮ್ಮದೇ ತಪ್ಪು. ನಾನು ಹಿಂದಿನ ಸೀಟಿನ್ಯಾಗ ಬುಟ್ಟಿ ಮರೀಗೆ ಅಡ್ಡಾಗಿದ್ದೆ, ಜೊಂಪು ಹತ್ತಿತು. ಎಚ್ಚರಾದಾಗ ಕಾರಿನ ಮೂತಿ ಮ್ಯಾಲೆ, ನಾ ಕೆಳಗ! ಗಾಡಿ ಎತ್ತುವವರು ಸರಪಳಿ ಹಾಕಿ ಎಳಕೊಂಡು ಹೊಂಟಿದ್ರು. ಕಿಡಕಿಯಿಂದ ತಲಿ ಹೊರಗ ಹಾಕಿದೆ.

ಎತ್ತುವವ ನನ್ನ ನೋಡಿ ಗಾಬರ್ಯಾದ. "ಅಯ್ಯೋ ಆಜಿ, ಒಳಗ ಇದ್ದೀರೇನು? ಇಳೀರಿ, ಇಳೀರಿ!"

"ಇಳಿಯಂಗಿಲ್ಲಪಾ. ಹಿಂಗ ಧನಕವಡಿ ತನಕಾ ಬಿಟ್ಟುಬಿಡು, ಇದ್ದ ಪೆಟ್ರೋಲೂ ಉಳೀತದ."

೩. ಕಿಡಕಿಯೊಳಗಿನ ಉಡಿ

ಇಷ್ಟು ಹೇಳಿದ್ರೂ ಮಗ ಒಪ್ಪಲಿಲ್ಲ. ನಿಶ್ಚಯದ ದಿನಾ ನಮ್ಮ ಕಾರನ್ನ ಬೀಗರಿಗೆ ಕಾಣಬಾರದಂತ ಹಿಂದಿನ ಓಣ್ಯಾಗ ಬಚ್ಚಿಟ್ಟ.

ಬೀಗರ ದೊಡ್ಡ ಗಾಡಿ ನಮ್ಮ ಓಣಿ ಹೊಕ್ಕಿತು. ಹೊಕ್ಕಿದ್ದೇನೋ ಖರೆ, ಎರಡೂ ಕಡೆ ಗ್ವಾಡಿ, ಒಂದು ಬಾಗಿಲಾನೂ ತೆರೀವಲ್ದು! ರಾಹುಕಾಲ ಶುರುವಾಗೂದ್ರಾಗ ಬೀಗತಿಗೆ ಉಡಿ ತುಂಬಬೇಕಿತ್ತು. ವರ ಗಾಡಿ ತಾರಸಿಯ ಕಿಂಡಿ ಸರಿಸಿ ಹೊರಗ ಬಂದ, ಬೆಳಕಿಂಡ್ಯಾಗಿಂದ ಬೆಕ್ಕು ಬಂದಂಗ. ಜರಿಸೀರಿ ಉಟ್ಟ ಬೀಗತಿ ಹಂಗ ಹ್ಯಾಂಗ ಬಂದಾರು? ಮಗ ಆರತಿ ತಾಟು ಹಿಡಿದು ನನ್ನ ಮುಖ ನೋಡಿದ.

ಸಾಹೇಬರ ಅಡಿಗಿಮನಿ ಕಿಡಕಿ ಸರಿಯಾಗಿ ಆ ಗಾಡಿ ಕಿಡಕಿ ಎದುರಿಗಿತ್ತು. ಸೊಸಿ ಅಲ್ಲೆ ನಿಂತು ಅಕ್ಕಿ, ಖಣ, ಎಲಿಅಡಿಕಿ, ತೆಂಗಿನಕಾಯಿ ಎಲ್ಲಾ ಒಳಗ ಹಾಕಿದಳು. ಬೀಗತಿ ಸೀಟಿನ್ಯಾಗ ಕೂತೇ ಸೆರಗೊಡ್ಡಿದ್ರು.

ಆಮ್ಯಾಲೆ ಡ್ರೈವರ್ ಗಾಡಿಯನ್ನ ಇರಿವಿ ನಡದಂಗ ಹಿಂದಕ್ಕ ಒಯ್ದು ದೊಡ್ಡ ರಸ್ತೆಕ್ಕ ಹಚ್ಚಿದ. ಅಲ್ಲಿಂದ ಅವರನ್ನ ಮನಿಬಾಗಿಲಕ್ಕ ತಂದದ್ದು ಯಾವುದು? ಬಚ್ಚಿಟ್ಟ ನಮ್ಮ ಡಬ್ಬಿ!

ಬೀಗತಿ ಇಳಿಯೂ ಮುಂದ ಕೇಳಿದೆ, "ಮೊಣಕಾಲು ಹಿಡಿದ್ವೇನ್ರಿ?"

"ಹಿಡಿದ್ವರಿ" ಅಂದ್ರು, ಹಲ್ಲು ಕಚ್ಚಿ.

ಈಗ ಯಾರ್ಯಾರು ಏನಾದ್ರಂದ್ರ: ಸಾಹೇಬರು ರವಿವಾರ ನಮ್ಮ ಹಿಂದಿನ ಸೀಟಿನ್ಯಾಗ ಬಜಾರಕ್ಕ ಬರ್ತಾರ, ಚೀಲ ತೊಡಿ ಮ್ಯಾಲೆ ಇಟ್ಕೊಂಡು. ಗಾಡಿ ಎತ್ತುವವ ಈಗ ಯಾವ ಕಾರು ಕಂಡ್ರೂ ಮೊದಲು ಬಗ್ಗಿ, ಒಳಗ ಮುದುಕಿ ಅದಾಳೇನು ಅಂತ ನೋಡ್ತಾನಂತ. ಮರುದಿನಾ ಬಂದ ಗಿರಾಕಿ ಎರಡು ರೊಟ್ಟಿ ತಿಂದು, ಕಾರು ಬಿಟ್ಟು ರೊಟ್ಟಿ ಕಟ್ಟಿಸ್ಕೊಂಡು ಹೋದ. 'ಕಾರು ಮಾರಂಗಿಲ್ಲ' ಅಂತ ಹೇಳಿ ಅವನ್ನ ಓಣಿ ತುದಿ ತನಕಾ ಕಳಿಸಿ ಬಂದಾವ ನನ್ನ ಮಗನ. ವರ, ಮೊಮ್ಮಗಳು ಲಗ್ನಾಗಿ ಸುಖವಾಗಿ ಅದಾರ.

ಬೀಗರ ದೊಡ್ಡ ಗಾಡಿ ಮಾತ್ರ ನಿಶ್ಚಯದ ಮರುದಿನದಿಂದ ಗುಡುಗುಡು ಅನ್ನಾಕ ಹತ್ತಿತು. ತಿರುವಿನ್ಯಾಗ ಗುಡುಗುಡು, ಬ್ರೇಕ್ ಹಾಕಿದ್ರ ಗುಡುಗುಡು. ಮೆಕ್ಯಾನಿಕ್ ಗಾಲಿ ಬಿಚ್ಚಿದ, ಇಂಜಿನ್ ಬಿಚ್ಚಿದ, ಕಡೀಕೆ ಸೀಟು ಬಿಚ್ಚಿದ.

ಸೀಟಿನ ಬುಡಕ ಇತ್ತು ನೋಡ್ರಿ, ನಾವು ಉಡಿ ತುಂಬಿದ ತೆಂಗಿನಕಾಯಿ.