ವಾಲ್ವಿನ ಪೆಟ್ಟಿಗೆಯೂ ಸುಮಿತ್ರೆಯ ಶ್ರುತಿಯೂ

ವಿಜ್ಞಾನ ಕಲಿಸುವ ಮೇಷ್ಟ್ರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ತನಗೆ ಅರ್ಥವಾದದ್ದನ್ನು ಯಾರಿಗಾದರೂ ವಿವರಿಸದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ; ಅರ್ಥವಾಗದ್ದನ್ನು ಇನ್ನೂ ಉದ್ದವಾಗಿ ವಿವರಿಸುತ್ತಾನೆ. ಎಪ್ಪತ್ತರ ದಶಕದಲ್ಲಿ ಹೊನ್ನಾಳಿಯ ಹೈಸ್ಕೂಲಿಗೆ ಸೇರಿದಾಗಲೇ ನಾನು ಅಂಥ ಮೇಷ್ಟ್ರಾಗಿದ್ದೆ. ಮಕ್ಕಳಿಗಾದರೋ ಪೀರಿಯಡ್ಡು ಮುಗಿದರೆ ಗಂಟೆ ಹೊಡೆಯುತ್ತಿತ್ತು. ನನ್ನ ಹೆಂಡತಿ ಸುಮಿತ್ರೆಗೆ ಆ ಅನುಕೂಲ ಇರಲಿಲ್ಲ.

ಜಗಳೂರಿನ ಕಡೆಯ ನಾಟಕ ಮಂಡಳಿಯೊಂದು ಬಾಗಿಲು ಹಾಕಿದಾಗ ಅವರ ಕರೆಂಟಿನ ವಾದ್ಯವನ್ನು ನಾನು ಕೊಂಡು ತಂದೆ. ನೋಡಲು ಕಾಲು ಮುರಿದ ಹಾರ್ಮೋನಿಯಂ. ತಿದಿಯಿಲ್ಲ, ಹಿಂದಿನಿಂದ ಒಂದು ವೈರು. ಬಸ್ಸಿನ ಟಾಪಿಗೆ ಏರಿಸುವಾಗ ಕಂಡಕ್ಟರು, "ಹೊಲಿಗೆ ಮಿಷನ್ನೇನ್ರೀ ಮೇಷ್ಟ್ರೇ?" ಎಂದ. "ಸಂಗೀತ ಐತಪ್ಪಾ ಇದರಾಗೆ" ಎಂದೆ. "ಸಂಗೀತಕ್ಕೂ ಲಗೇಜ್ ಟಿಕೆಟ್ ಹರೀಬೇಕಾಗ್ತೈತೆ" ಎಂದು ಹರಿದುಕೊಟ್ಟ.

ಅದರ ಒಳಗಿನ ಕಥೆಯನ್ನು ನಾನು ಸುಮಿತ್ರೆಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ನಿಮ್ಮ ಸರದಿ. ಗಾಳಿ ತೆಗೆದ ಗಾಜಿನ ಬುರುಡೆಯೇ ವಾಲ್ವು. ಒಳಗಿನ ತಂತಿ ಕೆಂಡದಂತೆ ಕಾದರೆ ಅದರ ಸುತ್ತಲಿನ ಕೊಳವೆಯಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿನತ್ತ ಧಾವಿಸುತ್ತವೆ. ನಡುವೆ ಒಂದು ಜಾಲರಿ. ಸೂಳೆಕೆರೆಯ ತೂಬಿನ ಹಾಗೆ, ಅದನ್ನು ಕೊಂಚ ಎತ್ತಿ ಇಳಿಸಿದರೆ ಸಾಕು, ಹರಿವೆಲ್ಲ ಅದರ ಮಾತು ಕೇಳುತ್ತದೆ. ನನ್ನ ಪೆಟ್ಟಿಗೆಯಲ್ಲಿ ಇಂಥ ಎರಡು ವಾಲ್ವುಗಳು, ಒಂದೇ ಕಾಲುವೆಯ ನೀರಿಗೆ ನಿಂತ ಅಣ್ಣತಮ್ಮಂದಿರು. ಇವನು ತನ್ನ ತೂಬು ತೆರೆದರೆ ಅವನದು ಮುಚ್ಚುತ್ತದೆ, ಮರುಕ್ಷಣ ಅವನು ತೆರೆದು ಇವನದನ್ನು ಮುಚ್ಚುತ್ತಾನೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಆ ಜಗಳವೇ ಸ್ಪೀಕರಿನಲ್ಲಿ ಸ್ವರವಾಗಿ ಕೇಳುತ್ತದೆ. ಜಗಳ ಎಷ್ಟು ಬಿರುಸಾಗಿರಬೇಕೆಂದು ನಾವು ಬೆರಳಿನಿಂದ ಒತ್ತಿದ ಮನೆ, ಅಂದರೆ ಕೀ, ಹೇಳುತ್ತದೆ. ಒಂದು ಹೊತ್ತಿಗೆ ಒಂದೇ ಸ್ವರ; ಎರಡು ಮನೆ ಒತ್ತಿದರೆ ಒಂದು ಸುಮ್ಮನಿರುತ್ತದೆ.

ಸುಮಿತ್ರೆ ನ್ಯಾಮತಿಯವಳು, ಅವಳ ಗಂಟಲು ಅಲ್ಲೆಲ್ಲ ಹೆಸರಾಗಿತ್ತು. ಚನ್ನಗಿರಿಯ ಮಹಿಳಾ ಮಂಡಳಿಯವರು ಹಾಡಿನ ಸ್ಪರ್ಧೆ ಇಟ್ಟಾಗ ಅವಳು ಹೆಸರು ಕೊಟ್ಟಳು. ಆರು ತಿಂಗಳು, ದಿನಾ ದೀಪ ಹಚ್ಚುವ ಹೊತ್ತಿಗೆ ಅಭ್ಯಾಸ. ನಾನು ಪೆಟ್ಟಿಗೆಯ ಮುಂದೆ, ಅವಳು ಕಂಬಕ್ಕೊರಗಿ. ಶುರುವಿನಲ್ಲಿ ಇಬ್ಬರೂ ಸರಿಯಾಗಿ ಹೊಂದುತ್ತಿದ್ದೆವು. ಮೂರನೆಯ ನುಡಿಗೆ ಬರುವಷ್ಟರಲ್ಲಿ ಅವಳ ಶ್ರುತಿ ಮೇಲೇರಿರುತ್ತಿತ್ತು.

"ಕೆಳಗೆ ಬಾ" ಎನ್ನುತ್ತಿದ್ದೆ.

"ನಾನು ಇದ್ದಲ್ಲೇ ಅದೀನ್ರೀ. ನಿಮ್ಮ ಪೆಟ್ಟಿಗೇನೇ ಇಳೀತಾ ಐತೆ."

"ಕರೆಂಟಿನ ವಾದ್ಯಕ್ಕೆ ಗಂಟಲು ಕಟ್ಟಾಕಿಲ್ಲ, ನೆಗಡಿ ಆಗಾಕಿಲ್ಲ. ತಪ್ಪೋರು ಮನುಷ್ಯರೇ."

ಪಾಪ, ಅವಳು ಕಲಿತಳು. ಮೂರನೆಯ ನುಡಿಗೆ ಮೆತ್ತಗೆ ಇಳಿಯುವುದನ್ನು ಎಷ್ಟು ಚೆನ್ನಾಗಿ ರೂಢಿಸಿಕೊಂಡಳೆಂದರೆ, ನನ್ನ ಪಾಠದ ಬಗ್ಗೆ ನನಗೇ ಹೆಮ್ಮೆಯಾಯಿತು.

ಚನ್ನಗಿರಿಯಲ್ಲಿ ಸ್ಪರ್ಧೆಗೆ ಹಾರ್ಮೋನಿಯಂ ಇತ್ತು. ಸುಮಿತ್ರೆ ಹಾಡು ಎತ್ತಿಕೊಂಡ ಕೂಡಲೇ ಸಭೆ ನಿಶ್ಶಬ್ದವಾಯಿತು. ಮೂರನೆಯ ನುಡಿ ಬಂತು. ಹಾರ್ಮೋನಿಯಂ ಇದ್ದಲ್ಲೇ ಇತ್ತು, ಅವಳು ನಾನು ಕಲಿಸಿದ ಹಾಗೆ ಇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತೀರ್ಪುಗಾರರಾಗಿದ್ದ ಮುದುಕ ಸಂಗೀತದ ಮೇಷ್ಟ್ರು, "ಶುರುವಿನಾಗೆ ಅಷ್ಟು ಚಂದಿತ್ತಲ್ಲಮ್ಮಾ, ಆ ಶ್ರುತಿನ ಯಾಕೆ ಬಿಟ್ರಿ?" ಎಂದರು. ಅವಳು ನನ್ನ ಕಡೆ ನೋಡಿದಳು. ಬಸ್ಸಿನಲ್ಲಿ ಹೊನ್ನಾಳಿಯವರೆಗೂ ಕಿಟಕಿಯ ಕಡೆಗೇ ಮುಖ. ನಾನು ಬೀದಿಯಲ್ಲಿ ಕೇಳಿದವರಿಗೆಲ್ಲ, "ಸಭೆ ಕಂಡು ಹೆದರಿಬಿಟ್ಟಳು" ಎಂದೆ. ಸುಮಿತ್ರೆ ಹಾಡುವುದನ್ನು ನಿಲ್ಲಿಸಿದಳು.

ತಿಂಗಳಾದ ಮೇಲೆ ಒಂದು ದಿನ ಅವಳೇ ಕೇಳಿದಳು: "ನಿಮ್ಮ ಶಾಲೆಯಾಗೆ ಬಡಿದರೆ ಗುಂಯ್ ಅನ್ನೋ ಕವಲು ಐತಂತಲ್ಲ, ಅದನ್ನ ತಗೊಂಡು ಬರ್ರಿ." ಶ್ರುತಿಕವಲು, ಇಂಗ್ಲಿಷಿನ ಟ್ಯೂನಿಂಗ್ ಫೋರ್ಕ್. ವರ್ಷಾವರ್ಷ ಅದರ ಮೇಲೆ ಪಾಠ ಮಾಡುತ್ತಿದ್ದವನಿಗೆ ಅದನ್ನು ಮನೆಗೆ ತರಬೇಕೆಂದು ಹೊಳೆದಿರಲಿಲ್ಲ. ತಂದೆ. ಬಡಿದು, ಅದರ ನಾದಕ್ಕೆ ಪೆಟ್ಟಿಗೆಯನ್ನು ಹೊಂದಿಸಿದೆ. ಸುಮಿತ್ರೆ ಅದೇ ಸ್ವರ ಹಿಡಿದು ಶುರುಮಾಡಿದಳು, ಈ ಸಲ ನನ್ನ ಪೆಟ್ಟಿಗೆಗೆ ಕಿವಿಗೊಡದೆ. ಹೊತ್ತು ಮುಳುಗಿತು, ಹೊಳೆದಂಡೆಯ ಪಂಪ್‌ಸೆಟ್ಟುಗಳು ಶುರುವಾದವು, ತಲೆಯ ಮೇಲಿನ ಬಲ್ಬು ಕುಂಬಳ ಹೂವಿನ ಬಣ್ಣಕ್ಕೆ ಬಂತು. ಮತ್ತೆ ಕವಲು ಬಡಿದೆ. ಅದೂ ಅವಳೂ ಒಂದೇ ಸ್ವರದಲ್ಲಿದ್ದರು. ಪೆಟ್ಟಿಗೆ ಎಲ್ಲೋ ಕೆಳಗೆ ನರಳುತ್ತಿತ್ತು. ವೋಲ್ಟೇಜ್ ಬಿದ್ದರೆ ತಂತಿ ತಣ್ಣಗಾಗುತ್ತದೆ, ಅಣ್ಣತಮ್ಮಂದಿರ ಜಗಳದ ಬಿರುಸು ತಗ್ಗುತ್ತದೆ, ಸ್ವರ ಇಳಿಯುತ್ತದೆ. ಇದನ್ನು ವಿವರಿಸಲು ನಾನು ಬಾಯಿ ತೆರೆದೆ.

"ಬಲ್ಬು ಮಂಕಾದರೆ ವೋಲ್ಟೇಜ್ ಇಲ್ಲ ಅಂತಿದ್ರಿ" ಎಂದಳು ಸುಮಿತ್ರೆ. "ಹಾಡು ಕೆಟ್ಟರೆ ನಂದು ತಪ್ಪು ಅಂತಿದ್ರಿ. ಎರಡಕ್ಕೂ ಬರೋದು ಒಂದೇ ಕರೆಂಟು ಅಲ್ಲೇನ್ರೀ? ಬೀದಿಯಾಗೆ ಹೆದರಿದಳು ಅಂತ ಹೇಳಿದ್ದು ನೀವು. ಹೋಗಿ ಹಂಗಲ್ಲ ಅಂತ ನೀವೇ ಹೇಳ್ರಿ."

ಮನೆಮನೆಗೆ ಹೋದೆ. ಮೊದಲ ಮನೆಯಲ್ಲಿ ಪಂಪ್‌ಸೆಟ್ಟುಗಳನ್ನು ಬೈದೆ. ಎರಡನೆಯ ಮನೆಯಲ್ಲಿ ವಾಲ್ವಿನ ಗುಣದೋಷಗಳನ್ನು ಅರ್ಧ ಗಂಟೆ ತಿಳಿಸಿದೆ. ಮೂರನೆಯ ಮನೆಯ ನೀಲಮ್ಮಜ್ಜಿ ಅಡಿಕೆ ಕತ್ತರಿಸುತ್ತಾ ಎಲ್ಲ ಕೇಳಿಸಿಕೊಂಡು, "ಅದಿರಲಿ ಮೇಷ್ಟ್ರೇ, ಆಕಿ ದಿನಾ ಹೇಳ್ತಿದ್ದಳಂತಲ್ಲ. ನೀವ್ಯಾಕೆ ನಂಬಲಿಲ್ಲ?" ಎಂದರು. ಇದಕ್ಕೆ ನನ್ನ ಬಳಿ ವಿವರಣೆ ಇರಲಿಲ್ಲ. ಮನೆಗೆ ಬಂದು, "ತಪ್ಪು ನನ್ನದು ಕಣೆ" ಎಂದೆ. ನಿಜವಾಗಿ ನಾಚಿಕೆಯಾಗಿತ್ತು. ಅವಳು "ಹೂಂ" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಪೆಟ್ಟಿಗೆ ಅಟ್ಟ ಸೇರಿತು. ಸುಮಿತ್ರೆ ಈಗ ಹಾಡುತ್ತಾಳೆ, ಅಡಿಗೆಮನೆಯಲ್ಲಿ, ನಾನು ಕೇಳುತ್ತಿಲ್ಲ ಎಂದು ಖಾತ್ರಿಯಾದಾಗ ಮಾತ್ರ. ನಾನು ಕೆಮ್ಮಿದರೂ ನಿಲ್ಲಿಸಿಬಿಡುತ್ತಾಳೆ. ಅದಕ್ಕೇ ಪಡಸಾಲೆಯಲ್ಲಿ ಪೇಪರು ಹಿಡಿದು, ಸದ್ದಾದೀತೆಂದು ಹಾಳೆಯನ್ನೂ ತಿರುವದೆ ಕೂತಿರುತ್ತೇನೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಪ್ರಪಂಚದ ವಿಷಯ ಮಾತಾಡುವಾಗ ನಾನೊಬ್ಬ ಸುಮ್ಮನಿರುತ್ತೇನೆ. ಎಷ್ಟೋ ದಿನಗಳಿಂದ ನಾನು ಓದಿರುವುದು ಮೊದಲನೆಯ ಪುಟ ಮಾತ್ರ.