ಪೇಂಟರ್ ಅಲಂಕರಿಸಿದ ಮೂರು ಪುಟ

ಹೆಂಡತಿಯ ಭಾಷಣಕ್ಕೆ ರಾಜಕಳೆ ತರದಿದ್ದರೆ ತನ್ನ ಕುಂಚಕ್ಕೇ ಅವಮಾನವೆಂದು ಪೇಂಟರ್ ಅಂದು ಬೆಳಿಗ್ಗೆ ಶಪಥ ಮಾಡಿದ. ಮೂವತ್ತು ವರ್ಷ ಅಂಗಡಿಗಳ ಬೋರ್ಡ್ ಬರೆದ ಕೈ! ಊರಿನ ಅರ್ಧ ಬೀದಿಗಳಿಗೆ ಅಕ್ಷರದಾನ ಮಾಡಿದವನು ತಾನೇ ಎಂದು ಬೀಗುವ ಆಸಾಮಿ.

ಹೆಂಡತಿಗೆ ಕಣ್ಣು ಕಾಣದೆ ಎಂಟು ವರ್ಷವಾಗಿತ್ತು. ಅವಳ ಲ್ಯಾಪ್‌ಟಾಪ್ ಕಂಪ್ಯೂಟರಿನಲ್ಲಿದ್ದ ತಂತ್ರಾಂಶ ಪರದೆಯ ಮೇಲಿನ ಬರಹವನ್ನು ಅವಳ ಕಿವಿಗೆ ಓದಿ ಹೇಳುತ್ತಿತ್ತು. ಅದರ ಓದಿನ ವೇಗ ಪೇಂಟರಿಗೆ ಕಾಳು ಹುರಿದಂತೆ ಕೇಳಿಸುತ್ತಿತ್ತೇ ಹೊರತು ಒಂದು ಮಾತೂ ತಿಳಿಯುತ್ತಿರಲಿಲ್ಲ. ಊರ ಗ್ರಂಥಾಲಯದಲ್ಲೂ ಅದನ್ನು ಹಾಕಿಸಬೇಕೆಂದು ಅವಳು ಎರಡು ವರ್ಷ ಅಲೆದಿದ್ದಳು. ಅಂತೂ ಸಮಿತಿಯವರು ಅಂದು ಸಂಜೆ ಹತ್ತು ನಿಮಿಷ ಕೊಟ್ಟಿದ್ದರು. ತಪ್ಪಿದರೆ ಮುಂದಿನ ವರ್ಷವೇ ಗತಿ. ಮೂರು ಪುಟ ಬರೆದು, ಎರಡು ಸಲ ಕೇಳಿಸಿಕೊಂಡು ತಿದ್ದಿಟ್ಟು, ಅವಳು ತಂಗಿಯ ಮನೆಗೆ ಹೋದಳು.

ಪೇಂಟರ್ ಕಂಪ್ಯೂಟರ್ ತೆರೆದು ನೋಡಿದ. ಬೋಳು ಅಕ್ಷರ! ಅಂಚಿಲ್ಲ, ನೆರಳಿಲ್ಲ. ದೊಡ್ಡವರ ಮುಂದೆ ಇಂಥದ್ದನ್ನು ಇಡುವುದೇ? ಕುಂಚ ಹಿಡಿದು ಕೂತವನು ಮೂರು ಹಾಳೆಗಳಲ್ಲಿ ಅದನ್ನೇ ನಕಲಿಸಿ, ಅಕ್ಷರಕ್ಕೊಂದು ಬಳ್ಳಿ, ಒತ್ತಿಗೊಂದು ಸುರುಳಿ ಹಬ್ಬಿಸಿದ. ಅರ್ಥದ ಗೊಡವೆ ಅವನಿಗಿಲ್ಲ. ಔಷಧಿ ಅಂಗಡಿಯಾದರೇನು, ಚಪ್ಪಲಿ ಅಂಗಡಿಯಾದರೇನು, ಅವನು ನೋಡುವುದು ಅಕ್ಷರದ ಆಕಾರವನ್ನು ಮಾತ್ರ. ಹಾಳೆಗಳ ಫೋಟೊ ತೆಗೆದು ಕಂಪ್ಯೂಟರಿಗೆ ಸೇರಿಸಿ, ಅವಳು ಫೈಲಿಗಿಟ್ಟ ಹೆಸರನ್ನೇ ಕೊಟ್ಟ. ಹಳೆಯದು? ಹಳೆಯ ಬಣ್ಣ ಕೆರೆಯದೆ ಹೊಸ ಬೋರ್ಡ್ ಬರೆಯುವವನು ಪೇಂಟರೇ ಅಲ್ಲ. ಪೂರ್ತಿ ಅಳಿಸಿಹಾಕಿದ.

ಸಭೆಯಲ್ಲಿ ಅವನು ಹಿಂದಿನ ಸಾಲಿನಲ್ಲಿ ಮೀಸೆ ತಿರುವುತ್ತ ಕೂತ. ಕೇಳಿಸಿಕೊಳ್ಳುತ್ತ ಸಾಲು ಸಾಲಾಗಿ ಹೇಳಲೆಂದು ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಕೀಲಿ ಒತ್ತಿದಳು. ಮತ್ತೆ ಒತ್ತಿದಳು. ಇಯರ್‌ಫೋನೇ ಕೆಟ್ಟಿರಬೇಕೆಂದು ಕಿತ್ತಿಟ್ಟು ಮೊದಲಿನಿಂದ ಒತ್ತಿದಾಗ ಇಡೀ ಸಭೆಗೆ ಕೇಳಿಸಿತು: "ಚಿತ್ರ." "ಚಿತ್ರ." "ಚಿತ್ರ." ಮೂರಕ್ಕೆ ಭಾಷಣ ಮುಕ್ತಾಯ! ಫೋಟೊದೊಳಗಿನ ಅಕ್ಷರ ಆ ತಂತ್ರಾಂಶಕ್ಕೆ ಬರೀ ಚಿತ್ರವೆಂಬುದು ಪೇಂಟರಿಗೆ ಆಗ ಹೊಳೆಯಿತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

ಸಮಿತಿಯ ಅಧ್ಯಕ್ಷೆ ಪರದೆಗೆ ಬಗ್ಗಿ, ಬಳ್ಳಿ ಯಾವುದು ಅಕ್ಷರ ಯಾವುದು ತಿಳಿಯುತ್ತಿಲ್ಲ ಎಂದರು. ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡು ನೋಡಿ ಕೈಚೆಲ್ಲಿದರು. ಬಳ್ಳಿ ಎಂದೊಡನೆ ಅವಳಿಗೆ ಕಳ್ಳ ಸಿಕ್ಕಿದ.

"ರೀ, ಇಲ್ಲಿ ಬನ್ನಿ. ನೀವೇ ಓದಿ."

"ತಪ್ಪಾಯ್ತು ಕಣೇ. ಚೆನ್ನಾಗಿ ಕಾಣ್ಲಿ ಅಂತ..."

"ಯಾರಿಗೆ?"

ಪೇಂಟರ್ ಮುಂದೆ ಬಂದು ಪರದೆಗೆ ಬಗ್ಗಿದ. ಬೆವರುತ್ತ, ತಾನೇ ಬರೆದ ಸುರುಳಿಗಳಿಗೆ ಎಡವುತ್ತ ಓದಿದ. ಒಂದು ಕಾಗದ ಓದಿಸಿಕೊಳ್ಳಲು ಇನ್ನೊಬ್ಬರ ಬಿಡುವಿಗಾಗಿ ಕಾದು ಕೂರುವ ಕಷ್ಟವನ್ನು ಅವಳು ಬರೆದಿದ್ದಳು. ಬೆಳಿಗ್ಗೆಯೆಲ್ಲ ಅದಕ್ಕೆ ನೆರಳು ಬಿಡಿಸಿದವನಿಗೆ ಅರ್ಥ ಈಗ ತಟ್ಟಿತು, ತಲೆ ಎತ್ತಲಾಗಲಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಓದು ಪಿಸುಮಾತಿಗಿಳಿಯಿತು: "ಕಣ್ಣಿರುವ ಹಿತೈಷಿಗಳಲ್ಲಿ ಒಂದೇ ವಿನಂತಿ. ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ನಮ್ಮನ್ನು ಕೇಳದೆ ನಮ್ಮ ಕಂಪ್ಯೂಟರ್ ಮುಟ್ಟಬೇಡಿ."

ಅಧ್ಯಕ್ಷೆ ನಗು ತಡೆದುಕೊಂಡು, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲವೆಂದು ಒಪ್ಪಿಗೆಗೆ ಸಹಿ ಹಾಕಿದರು. ಬದುಕಿದೆಯಾ ಬಡಜೀವವೇ ಎಂದು ಪೇಂಟರ್ ಮೆಲ್ಲನೆ ಜಾರಿಕೊಳ್ಳತೊಡಗಿದ. ಹೆಂಡತಿ ಅವನ ಮೊಣಕೈ ಹಿಡಿದಳು.

"ಕೊನೇ ಸಾಲು ಹಿಂದೆ ಕೂತವ್ರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ. ಇನ್ನೊಂದ್ಸಲ ಓದಿ. ಜೋರಾಗಿ."